ಆತಿಥ್ಯಕ್ಕೆ ಕೈಯಾರೆ ಮಾಡಿದ ಕಾಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರದೋ ಮನೆಯಲ್ಲಿ ಎರಡು ದಿನ ಉಂಡು, ಮಲಗಿ, ಅವರ ಬಿಸಿನೀರನ್ನೆಲ್ಲ ಖಾಲಿ ಮಾಡಿ ಹೊರಡುವಾಗ ಅವರ ಕೈಯಲ್ಲಿ ಏನನ್ನಾದರೂ ಇಟ್ಟು ಬರಬೇಕು ಎನಿಸುವುದು ಸಹಜ. ಅಂಗಡಿಯಿಂದ ತಂದದ್ದು ಬೇಡ, ನಾನೇ ಏನಾದರೂ ಮಾಡಿಕೊಡುತ್ತೇನೆ ಎಂದು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲಸದ ನಿಮಿತ್ತ ನಾನು ಆಗಾಗ ಬೇರೆಯವರ ಮನೆಗಳಲ್ಲಿ ಉಳಿಯುತ್ತೇನೆ. ನನ್ನ ಮನೆಗೂ ಜನ ಬಂದು ಉಳಿಯುತ್ತಾರೆ. ಹಾಗಾಗಿ ಈ ಉತ್ತರಗಳಲ್ಲಿ ಕೊಟ್ಟವರ ಅನುಭವವೂ ಇದೆ, ಪಡೆದವರ ಗೊಣಗಾಟವೂ ಇದೆ.

ಏನು ಮಾಡಿಕೊಡಬೇಕು ಎಂದು ನಿರ್ಧರಿಸುವುದು ಹೇಗೆ?

ನನ್ನದು ಒಂದೇ ಅಳತೆಗೋಲು: ನೀವು ಕೊಟ್ಟ ವಸ್ತು ಆ ಮನೆಯವರಿಗೆ ಹೊಸ ಕೆಲಸ ಹಚ್ಚಬಾರದು. ನೀವು ಇದ್ದಷ್ಟು ದಿನ ಅವರು ಹಾಸಿಗೆ ಹಾಸಿದ್ದಾರೆ, ಅಡುಗೆ ಮಾಡಿದ್ದಾರೆ, ನಿಮಗಾಗಿ ತಮ್ಮ ದಿನಚರಿ ಬದಲಿಸಿಕೊಂಡಿದ್ದಾರೆ. ನೀವು ಹೋದ ಮೇಲೂ ನಿಮ್ಮ ಕಾಣಿಕೆಯನ್ನು ನೋಡಿಕೊಳ್ಳುವ ಹೊಣೆ ಅವರ ಮೇಲೆ ಬೀಳಬಾರದು. ಗೋಡೆಗೆ ಮೊಳೆ ಹೊಡೆಯಬೇಕಾದ ದೊಡ್ಡ ಚಿತ್ರ, ದಿನವೂ ಧೂಳು ಒರೆಸಬೇಕಾದ ಅಲಂಕಾರದ ಗೊಂಬೆ, ನಾಳೆ ಬೆಳಿಗ್ಗೆಯೊಳಗೆ ತಿಂದು ಮುಗಿಸಬೇಕಾದ ಒಂದು ಕೆ.ಜಿ. ಕೇಕ್, ಇವೆಲ್ಲ ಪ್ರೀತಿಯಿಂದ ಕೊಟ್ಟ ಕೆಲಸಗಳೇ.

ಬಳಸಿದರೆ ಖಾಲಿಯಾಗುವ, ಬಳಸದಿದ್ದರೂ ಕೆಲವು ವಾರ ಕೆಡದೆ ಇರುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು ಒಳ್ಳೆಯದು. ಇಷ್ಟು ನೆನಪಿಟ್ಟರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ನನಗೆ ಕರಕುಶಲ ಕೆಲಸ ಏನೂ ಬಾರದು. ಕತ್ತರಿ ಹಿಡಿದರೆ ಸೊಟ್ಟಗೆ ಹೋಗುತ್ತದೆ. ಏನು ಮಾಡಲಿ?

ವೆನಿಲಾ ಸಕ್ಕರೆ ಮಾಡಿ. ಸುಮಾರು 400 ಗ್ರಾಂ ಸಕ್ಕರೆಯನ್ನು ಜಾಡಿಗೆ ಹಾಕಿ, ಒಂದು ವೆನಿಲಾ ಕೋಡನ್ನು ಉದ್ದಕ್ಕೆ ಸೀಳಿ ಅದರಲ್ಲಿ ಹುದುಗಿಸಿ, ಮುಚ್ಚಳ ಬಿಗಿದು ಎರಡು ವಾರ ಇಟ್ಟುಬಿಡಿ. ನಡುವೆ ನೆನಪಾದಾಗ ಒಮ್ಮೆ ಅಲುಗಾಡಿಸಿ. ಇಷ್ಟೇ.

ಗಿಡಮೂಲಿಕೆ ಉಪ್ಪು ಇನ್ನೂ ಬೇಗ ಆಗುತ್ತದೆ. ಒಂದು ಕಪ್ ಕಲ್ಲುಪ್ಪಿಗೆ ಕಾಲು ಕಪ್ಪಿನಷ್ಟು ಸಣ್ಣಗೆ ಹೆಚ್ಚಿದ ರೋಸ್‌ಮೇರಿ ಅಥವಾ ಥೈಮ್, ಒಂದು ನಿಂಬೆಹಣ್ಣಿನ ತುರಿದ ಸಿಪ್ಪೆ. ಸಿಪ್ಪೆ ತುರಿಯುವಾಗ ಹಳದಿ ಪದರ ಮಾತ್ರ ಬರಲಿ, ಅದರಡಿಯ ಬಿಳಿ ಭಾಗ ಕಹಿ. ಎಲ್ಲವನ್ನೂ ಬೆರಳುಗಳಿಂದ ಉಜ್ಜಿ ಬೆರೆಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಎಲೆ ಮುಟ್ಟಿದರೆ ಪುಡಿಯಾಗುವವರೆಗೆ ಒಣಗಿಸಿ. ಒಂದೆರಡು ದಿನ ಬೇಕು. ಗಾಳಿಯಲ್ಲಿ ತೇವ ಇದ್ದರೆ ಓವನ್ನಿನ ಅತಿ ಕಡಿಮೆ ಉರಿಯಲ್ಲಿ ಒಣಗಿಸಬಹುದು. ತೇವ ಉಳಿದರೆ ಉಪ್ಪು ಗಂಟು ಕಟ್ಟುತ್ತದೆ. ಕಟ್ಟಿದ ಮೇಲೆ ಜಾಡಿಯಿಂದ ಅದನ್ನು ಕೆರೆದು ತೆಗೆಯುವ ಕೆಲಸ ಯಾರಿಗೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ.

ಎಲ್ಲರೂ ಮೇಣದಬತ್ತಿ ಮಾಡಿ ಎನ್ನುತ್ತಾರೆ. ಅದು ನಿಜಕ್ಕೂ ಸುಲಭವೇ?

ಕರಗಿಸಿ ಹೊಯ್ಯುವುದು ಸುಲಭ. ಚೆನ್ನಾಗಿ ಉರಿಯುವ ಬತ್ತಿ ಮಾಡುವುದು ಅಷ್ಟು ಸುಲಭವಲ್ಲ. ನನ್ನ ಮೊದಲ ಬತ್ತಿಯ ಕಥೆ ಕೇಳಿ. ಜಾಡಿ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು, ಪರಿಮಳವೂ ಇತ್ತು. ಕೊಟ್ಟ ಸಂಜೆಯೇ ಗೆಳತಿ ಅದನ್ನು ನನ್ನೆದುರಿಗೆ ಹಚ್ಚಿದಳು. ಅರ್ಧ ಗಂಟೆಯಲ್ಲಿ ಜ್ವಾಲೆ ತನ್ನ ಸುತ್ತಲಿನ ಮೇಣವನ್ನಷ್ಟೇ ಕರಗಿಸಿಕೊಂಡು ಬಾವಿ ತೋಡಿದಂತೆ ಕೆಳಗಿಳಿಯಿತು. ಕಡೆಗೆ ಕರಗಿದ ಮೇಣದಲ್ಲೇ ಮುಳುಗಿ ಆರಿತು. ಆಕೆ ‘ಪರವಾಗಿಲ್ಲ ಬಿಡು’ ಎಂದಳು. ನಾನು ಊಟದುದ್ದಕ್ಕೂ ಆ ಬಾವಿಯನ್ನೇ ನೋಡುತ್ತಿದ್ದೆ.

ತಪ್ಪು ಇದ್ದದ್ದು ಬತ್ತಿಯ ದಾರದಲ್ಲಿ. ಜಾಡಿಯ ಅಗಲಕ್ಕೆ ದಾರ ತೆಳುವಾದರೆ ಹೀಗೆ ಕುಳಿ ಬೀಳುತ್ತದೆ; ದಪ್ಪವಾದರೆ ಜ್ವಾಲೆ ಎತ್ತರಕ್ಕೆ ಎದ್ದು ಮಸಿ ಕಟ್ಟುತ್ತದೆ. ದಾರ ಮಾರುವವರು ಯಾವುದು ಎಷ್ಟು ಅಗಲದ ಜಾಡಿಗೆ ಎಂದು ನಮೂದಿಸಿರುತ್ತಾರೆ. ಜಾಡಿಯ ಒಳ ಅಗಲವನ್ನು ಅಳೆದುಕೊಂಡೇ ಕೊಳ್ಳಿ.

ಉಳಿದದ್ದು ಹೀಗೆ. 200 ಮಿ.ಲೀ. ಜಾಡಿಯ ಮೇಲ್ಭಾಗದಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಲು ಸುಮಾರು 150 ಗ್ರಾಂ ಸೋಯಾ ಮೇಣ ಸಾಕು. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ. ನೀರು ಕುದಿಯುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಅದರಲ್ಲಿ ಕರಗಿಸಿ. ಪರಿಮಳದ ಎಣ್ಣೆ ಮೇಣದ ತೂಕದ ಶೇ. 6ರಷ್ಟು, ಅಂದರೆ 9 ಗ್ರಾಂ. ಜಾಸ್ತಿ ಸುರಿದರೆ ಜಾಸ್ತಿ ಪರಿಮಳ ಬರುವುದಿಲ್ಲ, ಎಣ್ಣೆ ಬೆವರಿದಂತೆ ಮೇಲೆ ನಿಲ್ಲುತ್ತದೆ. ಎಷ್ಟು ಬಿಸಿಯಲ್ಲಿ ಬೆರೆಸಬೇಕು, ಎಷ್ಟಕ್ಕೆ ತಣಿದ ಮೇಲೆ ಹೊಯ್ಯಬೇಕು ಎಂಬುದು ಮೇಣದಿಂದ ಮೇಣಕ್ಕೆ ಬೇರೆ; ಪೊಟ್ಟಣದ ಮೇಲಿನ ಸೂಚನೆಯನ್ನು ನಂಬಿ. ದಾರ ನಡುವೆ ನೆಟ್ಟಗೆ ನಿಲ್ಲಲು ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಜಾಡಿಯ ಬಾಯಿಗೆ ಅಡ್ಡಲಾಗಿಟ್ಟು ಅದರ ಬಾಯಿಗೆ ದಾರ ಕಚ್ಚಿಸಿ. ಹೊಯ್ದ ಮೇಲೆ ಒಂದೆರಡು ವಾರ ಮುಚ್ಚಿಟ್ಟರೆ ಪರಿಮಳ ಕೂಡಿಕೊಳ್ಳುತ್ತದೆ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮಾಡುವ ವಸ್ತು ಇದಲ್ಲ.

ಎರಡು ಎಚ್ಚರಿಕೆಗಳು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಬೆಂಕಿ ಸಿಡಿದು ಹರಡುತ್ತದೆ. ಲೋಹದ ಮುಚ್ಚಳ ಮುಚ್ಚಿ, ಒಲೆ ಆರಿಸಿ. ಬಿಸಿ ತಡೆಯದ ಗಾಜಿನ ಲೋಟದಲ್ಲಿ ಬತ್ತಿ ಮಾಡಬೇಡಿ, ಉರಿಯುವಾಗ ಬಿರಿಯುತ್ತದೆ. ಮಾಡಿದ ಮೇಲೆ ಒಂದನ್ನು ನಿಮ್ಮ ಮನೆಯಲ್ಲೇ ಹಚ್ಚಿ ನೋಡಿ, ಅದೇ ಅಳತೆಯ ಇನ್ನೊಂದನ್ನು ಕೊಡಿ.

ಸೋಪು ಮಾಡಬಹುದೇ?

ಕಾಸ್ಟಿಕ್ ಸೋಡಾ ಬಳಸಿ ಮೊದಲಿನಿಂದ ಮಾಡುವ ಸೋಪು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಆ ರಾಸಾಯನಿಕ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಮೊದಲ ಬಾರಿಗೆ ಬೇಡ. ಕರಗಿಸಿ ಅಚ್ಚಿಗೆ ಹೊಯ್ಯುವ ಸಿದ್ಧ ಸೋಪಿನ ಗಟ್ಟಿ ಸಿಗುತ್ತದೆ, ಅದರಲ್ಲಿ ಮಾಡಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಸಕ್ಕರೆ ಸ್ಕ್ರಬ್. ಒಂದು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಚರ್ಮಕ್ಕೆ ಆಗುವಂಥ ಸುಗಂಧ ತೈಲ ಐದಾರು ಹನಿ. ಅಡುಗೆಯಲ್ಲಿ, ತೋಟದಲ್ಲಿ ಕೈ ಒರಟಾದವರಿಗೆ ಹಿತವಾಗಿರುತ್ತದೆ. ಸುಗಂಧಕ್ಕೆ ಹಿಂಡಿ ತೆಗೆದ ನಿಂಬೆಜಾತಿಯ ತೈಲಗಳನ್ನು ಹಾಕಬೇಡಿ. ಅವುಗಳಲ್ಲಿ ಕೆಲವು ಚರ್ಮದ ಮೇಲಿದ್ದಾಗ ಬಿಸಿಲು ತಗುಲಿದರೆ ಸುಟ್ಟ ಗಾಯದಂತೆ ಕಲೆ ಬೀಳುತ್ತದೆ. ಜಾಡಿಯ ಚೀಟಿಯಲ್ಲಿ ಮೂರು ಮಾತು ಬರೆಯಿರಿ: ಒಣ ಚಮಚದಲ್ಲೇ ತೆಗೆಯಿರಿ, ಒಂದು ತಿಂಗಳೊಳಗೆ ಬಳಸಿ, ಸ್ನಾನದ ಮನೆಯ ನೆಲ ಜಾರೀತು, ಜೋಪಾನ. ಮೂರನೆಯದನ್ನು ಮರೆಯಬೇಡಿ. ಧನ್ಯವಾದ ಹೇಳಲು ಹೋಗಿ ಯಾರದೋ ಸೊಂಟ ಮುರಿದ ಅಪಖ್ಯಾತಿ ಬೇಡ.

ತಿನ್ನುವ ವಸ್ತು ಕೊಡುವಾಗ ಏನನ್ನು ಗಮನಿಸಬೇಕು?

ಮೊದಲು ಅಲರ್ಜಿ. ಶೇಂಗಾ, ಬಾದಾಮಿ, ಗೋಡಂಬಿ, ಎಳ್ಳು, ಹಾಲು, ಮೊಟ್ಟೆ, ಗೋಧಿ, ಸೋಯಾ ಇವುಗಳಲ್ಲಿ ಯಾವುದನ್ನು ಹಾಕಿದ್ದರೂ ಚೀಟಿಯ ಮೇಲೆ ಬರೆಯಬೇಕು. ‘ಸ್ವಲ್ಪವೇ ಹಾಕಿದ್ದು’ ಎಂಬುದು ಅಲರ್ಜಿ ಇರುವವರಿಗೆ ಸಮಾಧಾನವಲ್ಲ. ಮನೆಯಲ್ಲಿ ಒಂದು ವರ್ಷದೊಳಗಿನ ಮಗುವಿದ್ದರೆ ಜೇನುತುಪ್ಪ ಇರುವ ಯಾವುದನ್ನೂ ಆ ಮಗುವಿಗೆ ಕೊಡಬಾರದೆಂದು ಹೇಳಿ. ಅಷ್ಟು ಎಳೆಯ ಹೊಟ್ಟೆಗೆ ಅದರಲ್ಲಿ ಇರಬಹುದಾದ ರೋಗಾಣು ಅಪಾಯಕಾರಿ.

ನೋಡಲು ಬಲು ಚೆಂದ, ಆದರೆ ದಯವಿಟ್ಟು ಕೊಡಬೇಡಿ ಎಂದು ನಾನು ಹೇಳುವ ಒಂದು ವಸ್ತುವಿದೆ: ಹಸಿ ಬೆಳ್ಳುಳ್ಳಿ ಅಥವಾ ಹಸಿ ಎಲೆಗಳನ್ನು ಮುಳುಗಿಸಿಟ್ಟ ಎಣ್ಣೆಯ ಬಾಟಲಿ. ಎಣ್ಣೆಯೊಳಗೆ ಗಾಳಿಯಾಡುವುದಿಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಮಾಮೂಲಿ ಕೋಣೆಯ ಬಿಸಿಯಲ್ಲಿ ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆಯ ತಾಣ ಬೇಕಿಲ್ಲ. ಅದು ಉಂಟುಮಾಡುವ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಕೆಟ್ಟಿದೆಯೆಂದು ಮೂಸಿ ತಿಳಿಯುವ ಹಾಗಿಲ್ಲ.

ಬಿಸ್ಕತ್ತು, ಒಣಹಣ್ಣಿನ ಮಿಶ್ರಣ, ಹುರಿದ ಬೀಜಗಳಂಥ ಒಣ ತಿನಿಸುಗಳಲ್ಲಿ ಇಂಥ ಭಯವಿಲ್ಲ. ಪೂರ್ತಿ ತಣಿದ ಮೇಲೆಯೇ ಡಬ್ಬಕ್ಕೆ ತುಂಬಿ. ಅವಸರಕ್ಕೆ ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಹಬೆ ನಿಂತು ಗರಿಗರಿತನ ಹೋಗುತ್ತದೆ. ಜಾಮ್ ಮಾಡುವವರು ಅದು 104ರಿಂದ 105 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಫ್ರೀಜರ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಒಂದು ನಿಮಿಷದ ನಂತರ ಬೆರಳಿನಿಂದ ತಳ್ಳಿ ನೋಡಿ. ಮೇಲ್ಮೈ ಸುಕ್ಕುಗಟ್ಟಿದರೆ ಹದ ಬಂದಿದೆ.

ಹಳೆಯ ಜಾಡಿಗಳನ್ನೇ ಬಳಸಬಹುದೇ?

ಧಾರಾಳವಾಗಿ. ಜಾಡಿಯ ಮೇಲಿನ ಕಾಗದದ ಅಂಟು ಬಿಡದಿದ್ದರೆ ಅಡುಗೆ ಸೋಡಾ ಮತ್ತು ಎಣ್ಣೆಯನ್ನು ಸಮ ಬೆರೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಜಾಮ್‌ನಂಥದ್ದನ್ನು ತುಂಬುವುದಿದ್ದರೆ ತೊಳೆದ ಜಾಡಿಯನ್ನು ನೀರಿನಲ್ಲಿ ಮುಳುಗಿಸಿ 10 ನಿಮಿಷ ಕುದಿಸಿ.

ಆದರೆ ಮುಚ್ಚಳದ ವಿಷಯದಲ್ಲಿ ಹುಷಾರು. ಗಾಜು ವಾಸನೆ ಹಿಡಿಯುವುದಿಲ್ಲ, ಮುಚ್ಚಳದೊಳಗಿನ ರಬ್ಬರಿನಂಥ ಪಟ್ಟಿ ಹಿಡಿಯುತ್ತದೆ. ಒಮ್ಮೆ ಬೆಳ್ಳುಳ್ಳಿ ತುಂಬಿಟ್ಟಿದ್ದ ಜಾಡಿಯನ್ನು ನಾಲ್ಕು ಸಲ ತೊಳೆದು, ಬಿಸಿಲಿಗಿಟ್ಟು, ಬೆಣ್ಣೆ ಬಿಸ್ಕತ್ತು ತುಂಬಿ ಕೊಟ್ಟಿದ್ದೆ. ಆ ಮನೆಯ ಹುಡುಗ ಒಂದನ್ನು ಕಚ್ಚಿ, ಮುಖ ಕಿವುಚಿ, ‘ಇದು ಸಿಹಿಯೋ ಖಾರವೋ?’ ಎಂದು ಕೇಳಿದ. ಅಂದಿನಿಂದ ಜಾಡಿ ಹಳೆಯದಾದರೂ ಮುಚ್ಚಳ ಹೊಸದು.

ಗಿಡ ಕೊಡುವುದು ಒಳ್ಳೆಯದಲ್ಲವೇ?

ಗಿಡಕ್ಕೆ ನೀರು ಹಾಕಬೇಕು, ಅದೂ ಒಂದು ಕೆಲಸ. ಹಾಗಾಗಿ ಈಗಾಗಲೇ ಗಿಡ ಬೆಳೆಸುವವರಿಗೆ ಮಾತ್ರ ಕೊಡಿ. ಅವರ ಕಿಟಕಿಯಲ್ಲಿ ನಾಲ್ಕು ಕುಂಡಗಳಿದ್ದರೆ ಐದನೆಯದು ಭಾರವಲ್ಲ. ಒಂದೂ ಇಲ್ಲದಿದ್ದರೆ ಅದಕ್ಕೊಂದು ಕಾರಣವಿರುತ್ತದೆ.

ಮನಿಪ್ಲಾಂಟಿನ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಆ ಗೆಣ್ಣು ನೀರಿನಲ್ಲಿ ಮುಳುಗುವಂತೆ ಇಟ್ಟು, ವಾರಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಎರಡರಿಂದ ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ. ಗೆಣ್ಣಿಲ್ಲದ ಕಡ್ಡಿ ಎಷ್ಟು ದಿನ ಇಟ್ಟರೂ ಬೇರು ಬಿಡದು. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಮನಿಪ್ಲಾಂಟ್ ಬೇಡ. ಅದರ ಎಲೆ ಅಗಿದರೆ ಅವುಗಳ ಬಾಯಿ ಉರಿಯುತ್ತದೆ, ವಾಂತಿಯಾಗುತ್ತದೆ. ಅಂಥ ಮನೆಗೆ ಸ್ಪೈಡರ್ ಪ್ಲಾಂಟ್ ಆದೀತು, ಅದು ಅವುಗಳಿಗೆ ವಿಷವಲ್ಲ. ಬೆಕ್ಕಿರುವ ಮನೆಗೆ ಲಿಲ್ಲಿ ಹೂವನ್ನಂತೂ ಒಯ್ಯಲೇಬೇಡಿ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು.

ಆ ಮನೆಯವರಿಗೆ ಎಲ್ಲವೂ ಇದೆ. ಅಂಥವರಿಗೆ ಏನು ಕೊಡುವುದು?

ಅವರದನ್ನೇ ಅವರಿಗೆ ಕೊಡಿ. ತಮಾಷೆಯಲ್ಲ. ನನ್ನ ಮಟ್ಟಿಗೆ ಇದು ಈ ಪುಟದಲ್ಲೇ ಅತ್ಯುತ್ತಮ ಕಾಣಿಕೆ.

ಒಂದು ಮನೆಯಲ್ಲಿ ಆರು ದಿನ ಇದ್ದೆ. ಅಲ್ಲಿನ ಹಿರಿಯರೊಬ್ಬರು ಮಾಡುತ್ತಿದ್ದ ಒಂದು ಅಡುಗೆಗೆ ಅಳತೆ ಎಂಬುದೇ ಇರಲಿಲ್ಲ. ಎಷ್ಟು ಹಿಟ್ಟು ಎಂದರೆ ‘ಎರಡು ಹಿಡಿ’, ಎಷ್ಟು ಉಪ್ಪು ಎಂದರೆ ‘ನೋಡಿಕೊಂಡು’. ಅವರ ಮಗಳು ಹತ್ತು ವರ್ಷಗಳಿಂದ ಅದನ್ನು ಕಲಿಯಲು ನೋಡಿ ಸೋತಿದ್ದಳು. ಐದನೆಯ ದಿನ ನಾನು ಅಡುಗೆಮನೆಯ ಮೂಲೆಯಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತೆ. ಅವರು ಹಿಡಿ ತುಂಬಿದಾಗಲೆಲ್ಲ ‘ಅಮ್ಮಾ, ಒಂದು ನಿಮಿಷ’ ಎಂದು ತಟ್ಟೆ ಒಡ್ಡುತ್ತಿದ್ದೆ. ಅವರ ಒಂದು ಹಿಡಿ 46 ಗ್ರಾಂ. ಎರಡನೆಯ ಹಿಡಿ 47. ಕೈ ಅಷ್ಟು ಖಚಿತವಾಗಿತ್ತು. ಅಳತೆ ಇಲ್ಲದೇ ಇರಲಿಲ್ಲ, ಬರೆದಿರಲಿಲ್ಲ ಅಷ್ಟೇ. ‘ಇವನೇನು ಚಿನ್ನ ತೂಗುತ್ತಿದ್ದಾನೋ’ ಎಂದು ಅವರು ನಗುತ್ತಲೇ ಇದ್ದರು. ಊರಿಗೆ ಮರಳಿ ಅದನ್ನೆಲ್ಲ ದಪ್ಪ ಕಾಗದದ ಮೇಲೆ ದುಂಡಗೆ ಬರೆದು, ‘ನೋಡಿಕೊಂಡು’ ಎಂದರೆ ಚಮಚದ ಮುಕ್ಕಾಲು ಭಾಗ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿ, ಎರಡು ಪ್ರತಿ ಅಂಚೆಯಲ್ಲಿ ಕಳುಹಿಸಿದೆ. ಒಂದು ಮಗಳಿಗೆ, ಒಂದು ಅಮ್ಮನಿಗೆ. ಖರ್ಚೆಂದರೆ ಎರಡು ಹಾಳೆ ಕಾಗದ.

ಅಡುಗೆಯೇ ಆಗಬೇಕಿಲ್ಲ. ಅಜ್ಜ ಹೇಳಿದ ಕಥೆಯನ್ನು ಬರೆದುಕೊಡಬಹುದು, ಮನೆಯ ಮುಂಬಾಗಿಲನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿಕೊಡಬಹುದು. ಬರೆದುಕೊಳ್ಳುವ ಮೊದಲು ಅವರ ಒಪ್ಪಿಗೆ ಕೇಳಿ. ಕೆಲವರಿಗೆ ತಮ್ಮ ಕೈರುಚಿಯ ಗುಟ್ಟು ಗುಟ್ಟಾಗಿಯೇ ಇರಬೇಕು.

ಜೊತೆಗೆ ಪತ್ರ ಬರೆಯಲೇಬೇಕೇ? ಬಾಯಲ್ಲಿ ಹೇಳಿದರೆ ಸಾಲದೇ?

ಬರೆಯಿರಿ. ಜಾಡಿ ಖಾಲಿಯಾಗುತ್ತದೆ, ಬತ್ತಿ ಉರಿದುಹೋಗುತ್ತದೆ, ಪತ್ರ ಎಲ್ಲೋ ಡ್ರಾಯರಿನಲ್ಲಿ ಉಳಿಯುತ್ತದೆ. ‘ನಿಮ್ಮ ಆತ್ಮೀಯ ಆತಿಥ್ಯಕ್ಕೆ ಹೃತ್ಪೂರ್ವಕ ಧನ್ಯವಾದಗಳು’ ಎಂದು ಬರೆದರೆ ಅದು ಸಭೆಯ ವಂದನಾರ್ಪಣೆಯಾಗುತ್ತದೆ. ಆ ಮನೆಯಲ್ಲಿ ನಡೆದ, ಬೇರೆಲ್ಲೂ ನಡೆಯದ ಒಂದು ಸಂಗತಿಯನ್ನು ಹೆಸರಿಸಿ. ಉದಾಹರಣೆಗೆ:

‘ರಾತ್ರಿ ಹನ್ನೊಂದಕ್ಕೆ ಬಸ್ ಇಳಿದಾಗ ನೀವು ಟಾರ್ಚ್ ಹಿಡಿದು ನಿಂತಿದ್ದಿರಿ. ಬರಬೇಡಿ ಎಂದು ಎರಡು ಸಲ ಹೇಳಿದ್ದೆ. ಬಂದಿದ್ದಿರಲ್ಲ, ನೋಡಿ ಜೀವ ಬಂದಂತಾಯಿತು. ಈ ಉಪ್ಪನ್ನು ಬೇಯಿಸಿದ ಆಲೂಗಡ್ಡೆಗೆ ಉದುರಿಸಿ ನೋಡಿ.’

ನಾಲ್ಕು ಸಾಲು ಸಾಕು. ಅಕ್ಷರ ಚೆನ್ನಾಗಿಲ್ಲ ಎಂಬ ನೆಪ ಬೇಡ.

ಯಾವಾಗ ಕೊಡಬೇಕು: ಬಂದ ತಕ್ಷಣವೋ, ಹೊರಡುವಾಗಲೋ?

ಒಂದು ಹೊತ್ತಿನ ಊಟಕ್ಕೆ ಹೋಗಿದ್ದರೆ ಬಾಗಿಲಲ್ಲೇ ಕೊಟ್ಟುಬಿಡಿ. ತಿನಿಸಾಗಿದ್ದರೆ ‘ಇದು ನಾಳೆಗೆ, ನಿಮಗೇ’ ಎಂದು ಹೇಳಿ. ಇಲ್ಲದಿದ್ದರೆ ಆಗಲೇ ತಟ್ಟೆಗೆ ಹಾಕಿ ಬಡಿಸಬೇಕೇನೋ ಎಂಬ ಇಕ್ಕಟ್ಟು ಅವರಿಗೆ. ಉಳಿಯಲು ಹೋದಾಗ ಹೊರಡುವ ಬೆಳಿಗ್ಗೆ ಒಳ್ಳೆಯದು. ಮಡಚಿಟ್ಟ ಹೊದಿಕೆಯ ಮೇಲೆ ಸದ್ದಿಲ್ಲದೆ ಇಟ್ಟು ಬರುವುದು ನನ್ನ ರೂಢಿ, ಸಂಕೋಚದ ಮಾತುಕತೆ ತಪ್ಪುತ್ತದೆ. ತಡವಾಯಿತೆಂದು ಬಿಟ್ಟುಬಿಡಬೇಡಿ. ತಿಂಗಳಾದ ಮೇಲೆ ಅಂಚೆಯಲ್ಲಿ ಬಂದರೂ ಅದು ಸ್ವಾಗತಾರ್ಹವೇ.

ವಿಮಾನದಲ್ಲಿ ಒಯ್ಯಬಹುದೇ?

ಕೈಚೀಲದಲ್ಲಿ ದ್ರವಕ್ಕೆ ಬಹುತೇಕ ವಿಮಾನ ನಿಲ್ದಾಣಗಳಲ್ಲಿ 100 ಮಿ.ಲೀ. ಮಿತಿ ಇದೆ, ಜಾಮ್, ಜೇನು, ಸ್ಕ್ರಬ್ ಎಲ್ಲವನ್ನೂ ದ್ರವದ ಲೆಕ್ಕಕ್ಕೇ ಸೇರಿಸುತ್ತಾರೆ. ತಪಾಸಣೆಯ ಮೇಜಿನ ಮೇಲೆ ಜಾಡಿ ಬಿಟ್ಟುಬರುವ ಸಂಕಟ ಬೇಡವೆಂದರೆ ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿ ಇಡಿ. ದೇಶದ ಗಡಿ ದಾಟುವುದಾದರೆ ಗಿಡ, ಬೀಜ, ಮಣ್ಣು, ಹಸಿ ಹಣ್ಣು ಬೇಡವೇ ಬೇಡ.

‘ಏನನ್ನೂ ತರಬೇಡಿ’ ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರೆ?

ಹೇಳಿದ್ದನ್ನು ನಂಬಿ. ಪತ್ರ ಮಾತ್ರ ಬರೆಯಿರಿ. ಪತ್ರವನ್ನು ಯಾರೂ ‘ತಂದದ್ದು’ ಎಂದು ಲೆಕ್ಕ ಹಾಕುವುದಿಲ್ಲ.

ಹೇಗೆ ಕಟ್ಟಬೇಕು?

ಕಟ್ಟಿದ ಕಾಗದ ಬಿಚ್ಚಿದ ಕೂಡಲೇ ಕಸ. ಕೈವಸ್ತ್ರದಲ್ಲೋ ಅಡುಗೆಮನೆಯ ಒರೆಸುಬಟ್ಟೆಯಲ್ಲೋ ಗಂಟು ಕಟ್ಟಿ ಕೊಟ್ಟರೆ ಬಟ್ಟೆಯೂ ಬಳಕೆಗೆ ಬರುತ್ತದೆ. ಹೊಸ ಬಟ್ಟೆಯಾದರೆ ಒಮ್ಮೆ ಒಗೆದು ಕೊಡಿ. ಗಂಜಿ ಇರುವ ಬಟ್ಟೆ ನೀರು ಹೀರುವುದಿಲ್ಲ, ಗಂಟೂ ನಿಲ್ಲುವುದಿಲ್ಲ. ಗಂಟಿನ ಸಂದಿಯಲ್ಲಿ ಚೀಟಿ ಸಿಕ್ಕಿಸಿ: ಏನಿದು, ಏನೇನು ಹಾಕಿದೆ, ಎಂದು ಮಾಡಿದ್ದು, ಎಂದಿನವರೆಗೆ ಬಳಸಬಹುದು. ‘ಮಾಡಿದ ದಿನ’ ಬರೆಯದ ಜಾಡಿಗಳು ನನ್ನ ಕಪಾಟಿನಲ್ಲಿ ಮೂರಿವೆ. ತಿನ್ನಲು ಧೈರ್ಯವಿಲ್ಲ, ಎಸೆಯಲು ಮನಸ್ಸಿಲ್ಲ.

ಮುಂದಿನ ಸಲ ಹೋದಾಗ ನಾನು ಕೊಟ್ಟದ್ದು ಹಾಗೆಯೇ ಇದ್ದರೆ ಬೇಸರವಾಗುವುದಿಲ್ಲವೇ?

ಆಗುತ್ತದೆ. ಆದರೂ ಕೇಳಬಾರದು. ‘ಆ ಬತ್ತಿ ಹಚ್ಚಿದಿರಾ?’ ಎಂಬ ಪ್ರಶ್ನೆಗೆ ಅವರು ಸುಳ್ಳು ಹೇಳಬೇಕು, ಇಲ್ಲವೇ ನಾಚಬೇಕು. ನಾನೇ ಯಾರೋ ಕೊಟ್ಟ ಬತ್ತಿಯನ್ನು ಎರಡು ವರ್ಷ ಹಚ್ಚದೆ ಇಟ್ಟಿದ್ದೆ. ಇಷ್ಟವಿಲ್ಲದೆ ಅಲ್ಲ, ಮುಗಿದುಹೋದೀತು ಎಂದು.

ಜಾಡಿಯನ್ನು ಅವರು ವಾಪಸ್ ಕೊಡಬೇಕೇ?

ಬೇಡವೆಂದು ಚೀಟಿಯಲ್ಲೇ ಬರೆದುಬಿಡಿ. ಇಲ್ಲದಿದ್ದರೆ ಅದನ್ನು ತೊಳೆದು ನೆನಪಿಟ್ಟು ಮರಳಿಸುವುದು ಅವರಿಗೊಂದು ಕೆಲಸ. ಹಾಗೆ ಬರೆದರೂ ಕೆಲವರು ಮರಳಿಸುತ್ತಾರೆ, ಅದೂ ಖಾಲಿ ಕೊಡದೆ ಒಳಗೆ ಏನನ್ನೋ ತುಂಬಿ. ಆಗ ಮತ್ತೆ ಪ್ರತಿಯಾಗಿ ಏನು ಕೊಡಲಿ ಎಂದು ತಲೆ ಕೆಡಿಸಿಕೊಳ್ಳದೆ ತಿಂದು ಸಂತೋಷಪಡಿ. ಖಾಲಿಯಾದ ಮೇಲೆ ತೊಳೆದು, ಮುಚ್ಚಳವನ್ನು ಬೇರೆ ಇಟ್ಟು, ಜಾಡಿಯನ್ನು ಬೋರಲು ಹಾಕಿಡಿ. ಒಳಗಿದ್ದದ್ದು ಬೆಳ್ಳುಳ್ಳಿಯ ಪದಾರ್ಥವಾಗಿದ್ದರೆ ಮುಚ್ಚಳವನ್ನು ಇಟ್ಟುಕೊಳ್ಳುವುದೂ ಬೇಡ.